ಎಡಗಡೆಯ ತೊಲೆ

ಕಾರಿನ ಹಿಂದಿನ ಚಕ್ರದ ಮೇಲೆ ಬಣ್ಣ ಗುಳ್ಳೆ ಎದ್ದಿದ್ದನ್ನು ಮೊದಲು ಕಂಡವಳು ಸೊಸೆ. ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಒದ್ದೆ ಚಾದರದ ತುದಿ ಕಾರಿಗೆ ತಾಗಿತ್ತು. ಒರೆಸಲು ಹೋದರೆ ಬೆರಳಿನ ಕೆಳಗೆ ನೀಲಿ ಬಣ್ಣ ಮೊಟ್ಟೆಯ ಚಿಪ್ಪಿನಂತೆ ಪಟ್ಟನೆ ಒಡೆಯಿತು. ಒಳಗೆ ಕಂದು ಪುಡಿ. ಊದಿದಳು, ಇನ್ನಷ್ಟು ಬಂತು.

ಅವಳ ಗಂಡನನ್ನು ಬೀದಿಯವರೆಲ್ಲ ಡ್ರೈವರ್ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಒಂಬತ್ತು ಮಕ್ಕಳನ್ನು ಆ ಉದ್ದನೆಯ ಕಾರಿನಲ್ಲಿ ತುಂಬಿಕೊಂಡು ಶಾಲೆಗೆ ಬಿಡುವುದು, ಮಧ್ಯಾಹ್ನ ಮೂರಕ್ಕೆ ಮತ್ತೆ ಮನೆಮನೆಗೆ ಇಳಿಸುವುದು ಅವನ ಕೆಲಸ. ಒಂಬತ್ತರಲ್ಲಿ ಒಬ್ಬಳು ಅವನದೇ ಮಗಳು, ಎಂಟು ವರ್ಷದ ಗುಬ್ಬಿ. ಕಾರಿಗೆ ಅವಳಿಗಿಂತ ಹನ್ನೊಂದು ವರ್ಷ ಹೆಚ್ಚು ವಯಸ್ಸು. ನಡುವಿನ ಹೊತ್ತಿನಲ್ಲಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಅವನು ತರಕಾರಿ ಮಾರುಕಟ್ಟೆಗೆ ಮೂಟೆ ಇಳಿಸಲು ಹೋಗುತ್ತಿದ್ದ.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ಹೇಳಿದಳು. ಡ್ರೈವರ್ ತುತ್ತು ಕೈಯಲ್ಲೇ ಹಿಡಿದುಕೊಂಡ.

"ಗಾಡಿಯ ವರ್ಷದ ತಪಾಸಣೆಗೆ ಇನ್ನು ಐದೇ ವಾರ ಇದೆ. ತುಕ್ಕು ಕಂಡ್ರೆ ಅವರು ಸಹಿ ಹಾಕಲ್ಲ. ವರ್ಕ್‌ಶಾಪಿಗೆ ಬಿಟ್ರೆ ಹದಿನೈದು ದಿನ ಇಟ್ಕೊಳ್ತಾರೆ. ಅಷ್ಟರಲ್ಲಿ ಮಕ್ಕಳು ಬೇರೆ ಗಾಡಿ ಹತ್ತಿರ್ತಾವೆ."

"ವರ್ಕ್‌ಶಾಪ್ ಯಾಕೋ? ನಾನಿಲ್ಲಿ ಇಲ್ವಾ?" ಎಂದ ಮಾವ.

ಮಾವ ಮೂವತ್ತೈದು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಈ ಕಾರನ್ನು ಮಗನ ಮದುವೆಗೆ ಮುಂಚೆ ಎಲ್ಲಿಂದಲೋ ತಂದು, ತಾನೇ ಸರಿಮಾಡಿ, ನೀಲಿ ಬಣ್ಣ ಹೊಡೆದು, ಬೀಗದಕೈಯನ್ನು ಮಗನ ಅಂಗೈಯಲ್ಲಿಟ್ಟಿದ್ದ. ಆಮೇಲೆ ಎದೆ ಕೈಕೊಟ್ಟಿತು. ಥಿನ್ನರ್ ವಾಸನೆ ಕುಡಿದೂ ಕುಡಿದೂ ಶ್ವಾಸಕೋಶ ಜರಡಿಯಾಗಿದೆ, ಇನ್ನು ಸ್ಪ್ರೇ ಗನ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು.

"ನೀವಿದ್ದೀರಿ, ಎದೆ ಎಲ್ಲಿದೆ?" ಎಂದಳು ಅತ್ತೆ. "ಮೆಟ್ಟಿಲು ಹತ್ತೋಕೆ ಮೂರು ಸಲ ಕೂರ್ತೀರಿ."

"ನಾನ್ಯಾಕೆ ಹತ್ಲಿ? ನೆರಳಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಸೊಸೆಗೆ ಮಧ್ಯಾಹ್ನದ ತನಕ ಪುರಸೊತ್ತಿದೆ. ಕೈ ಅವಳ್ದು, ಬಾಯಿ ನಂದು."

"ಬಾಯಿ ಯಾವತ್ತೂ ನಿಮ್ದೇ ಅಲ್ವಾ," ಎಂದಳು ಅತ್ತೆ. ಗುಬ್ಬಿಗೆ ನಗು ತಡೆಯಲಾಗದೆ ನೀರು ಮೂಗಿಗೆ ಹತ್ತಿತು.

ಸೊಸೆಯನ್ನು ಯಾರೂ ಕೇಳಲಿಲ್ಲ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡರಿಂದ ಎಂಟರವರೆಗೆ ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅದಕ್ಕೆ ಮುಂಚೆ ಅಡುಗೆ, ನೀರು, ಪಾತ್ರೆ. ಅದನ್ನು ಪುರಸೊತ್ತು ಎನ್ನುತ್ತಿದ್ದವನು ಮಾವನೊಬ್ಬನೇ.

ಮರುದಿನ ಮಾವ ಅಟ್ಟದಿಂದ ತನ್ನ ಸಲಕರಣೆಯ ಪೆಟ್ಟಿಗೆ ಕೆಳಗೆ ತರಿಸಿದ. ಸೋಪಿನ ನೀರಿನಿಂದ ಶುರು. ಕೊಳೆ ಇರುವ ಕಡೆ ಎಮರಿ ಪೇಪರ್ ಆಡಿಸಿದರೆ ಕೊಳೆಯನ್ನೇ ಒಳಗೆ ತಿಕ್ಕಿದಂತೆ ಎಂದ. ಒಣಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಕಾರಿನ ಮೈಯೆಲ್ಲ ಮೆಲ್ಲಗೆ ಬಡಿಯಲು ಹೇಳಿದ.

"ಕೇಳಿಸ್ತಾ? ಇಲ್ಲಿ ಠಣ್ ಅಂತು. ಕಬ್ಬಿಣ ಇದೆ. ಈಗ ಬಾಗಿಲಿನ ಕೆಳಗೆ ಬಡಿ."

ಬಡಿದಳು. "ಇದು ಬೇರೆ ಥರ ಇದೆ ಮಾವ. ಬೆಂಡು ಬಡಿದ ಹಾಗೆ."

"ಹಾಂ! ಇಷ್ಟು ಕಲಿಯೋಕೆ ನಂಗೆ ಆರು ತಿಂಗಳು ಬೇಕಾಯ್ತು. ಬಾಯಲ್ಲಿ ಹೇಳೋರು ಯಾರೂ ಇರ್ಲಿಲ್ಲ, ಕಪಾಳಕ್ಕೆ ಕೊಟ್ಟು ಹೇಳೋರು."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ಅವಳಿಗೆ ಹೇಳಿದ್ದೆಲ್ಲ ಉಪ್ಪು ಜಾಸ್ತಿ, ಚಹಾ ಆರಿದೆ, ಗುಬ್ಬಿ ಅಳುತ್ತಿದ್ದಾಳೆ ಎಂಬಷ್ಟೇ. ಈಗ ಮಾತು ನಿಲ್ಲುತ್ತಲೇ ಇರಲಿಲ್ಲ. ಗುಳ್ಳೆಯನ್ನು ಕೆರೆದು ತೆಗೆ. ಮೊದಲು ಒರಟು ಪೇಪರ್, ಆಮೇಲೆ ನಯ, ಕೊನೆಗೆ ನೀರು ಹಾಕಿ ಇನ್ನೂ ನಯ. ಹಳೆ ಬಣ್ಣ ಎಲ್ಲಿ ಮುಗಿದು ಕಬ್ಬಿಣ ಎಲ್ಲಿ ಶುರುವಾಯಿತೆಂದು ಬೆರಳಿಗೆ ಗೊತ್ತಾಗಬಾರದು. ಕಣ್ಣು ಮುಚ್ಚಿ ಸವರು, ಕಣ್ಣು ಸುಳ್ಳು ಹೇಳುತ್ತೆ. ಕಬ್ಬಿಣ ಬೆತ್ತಲೆಯಾದ ದಿನವೇ ಪ್ರೈಮರ್ ಬೀಳಬೇಕು; ಒಂದು ಸಂಜೆ ಹಾಗೇ ಬಿಟ್ಟರೂ ಗಾಳಿಯ ತೇವ ತಿಂದುಬಿಡುತ್ತೆ. ಬಾಗಿಲ ಅಡಿಯಲ್ಲಿ ಸಣ್ಣ ಸಣ್ಣ ತೂತು ಇರುತ್ತೆ, ಒಳಗೆ ಇಳಿದ ನೀರು ಹೋಗೋಕೆ. ಅದರಲ್ಲಿ ಮಣ್ಣು ಕೂತರೆ ಬಾಗಿಲು ಒಳಗಿಂದಲೇ ಕೊಳೆಯುತ್ತೆ. ತಂತಿ ಹಾಕಿ ಬಿಡಿಸು.

ತಂತಿ ಹಾಕಿದಳು. ಬಲಗಡೆಯ ಬಾಗಿಲಿನಿಂದ ಅರ್ಧ ಲೋಟದಷ್ಟು ಕಪ್ಪು ನೀರು ಅವಳ ಮೊಣಕೈ ಮೇಲೆ ಸುರಿಯಿತು. ಇಬ್ಬರೂ ಗೆದ್ದವರಂತೆ ನಕ್ಕರು.

ಅತ್ತೆಗೆ ಇದು ಹಿಡಿಸಲಿಲ್ಲ. "ಅನ್ನಕ್ಕೂ ಪ್ರೈಮರ್ ಹಾಕಿದ್ದೀಯೇನೇ? ಎಲ್ಲದಕ್ಕೂ ಅದೇ ನಾತ."

"ಮೂರು ಸಲ ಕೈ ತೊಳೆದೆ ಅತ್ತೆ."

"ಕೈಯಲ್ಲ, ನಿನ್ನ ತಲೇನೇ ತೊಳೀಬೇಕು. ಬೆಳಿಗ್ಗೆಯಿಂದ ಮಾವ ಸೊಸೆ ಗುಸುಗುಸು. ಮನೇಲಿ ಆಲೂಗಡ್ಡೆ ಸುಲಿಯೋಕೆ ನಾನೊಬ್ಳು."

"ನೀನೂ ಬಾ, ನಿಂಗೂ ಒಂದು ಪೇಪರ್ ಕೊಡ್ತೀನಿ," ಎಂದ ಮಾವ.

"ನಲವತ್ತು ವರ್ಷ ನಿಮ್ಮನ್ನ ತಿಕ್ಕಿ ತಿಕ್ಕಿ ಕೈ ಸವೆದಿದೆ. ಇನ್ನು ಕಾರು ಬೇರೆ."

ಡ್ರೈವರ್ ನಗುತ್ತ ಮೊಟ್ಟೆ ಸುಲಿದು ಮಗಳ ತಟ್ಟೆಗಿಟ್ಟ. ಮಾರುಕಟ್ಟೆಯಿಂದ ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಒಳಗೆ ಬರುವುದು ರೂಢಿಯಾಗಿತ್ತು. ಒಂದು ದಿನ ಹೆಂಡತಿಗೆ ಹೇಳಿದ: "ಅಪ್ಪ ನಿನ್ನ ಹೊಗಳ್ತಿದ್ದ. ನಿಂಗೆ ಕೈಗುಣ ಇದೆಯಂತೆ. ನಂಗೆ ಇಲ್ಲ ಅಂತ ಹದಿನೈದು ವರ್ಷಕ್ಕೇ ಕೆಲಸದಿಂದ ಓಡಿಸಿದ್ದ."

ಅಂದು ಲಾಂಡ್ರಿಯಲ್ಲಿ ಎಂಟು ಗಂಟೆಯಾದದ್ದು ಅವಳಿಗೆ ಗೊತ್ತಾಗಲಿಲ್ಲ.

ಮೂರನೆಯ ವಾರಕ್ಕೆ ಬಲಗಡೆ ಮುಗಿಯಿತು. ಎಡಗಡೆಗೆ ಬಂದಾಗ ಮಾವ ಒಂದು ಕಟ್ಟಳೆ ಹಾಕಿದ. ಕಾರಿನ ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಒಳಗೆ ಟೊಳ್ಳಾದ ಕಬ್ಬಿಣದ ತೊಲೆಯೊಂದು ಹೋಗುತ್ತದೆ. ಕಾರಿನ ತಳ ನಿಂತಿರುವುದು ಎರಡೂ ಕಡೆಯ ಆ ತೊಲೆಗಳ ಮೇಲೆ. ಸೀಟಿನ ಬೆಲ್ಟು ಕಟ್ಟಿರುವುದೂ ಅದಕ್ಕೇ.

"ಈ ಕಡೆ ತೊಲೆ ಮುಟ್ಬೇಡ. ಅದು ನಾನೇ ಕೂತು ಮಾಡಿದ್ದು. ಗಟ್ಟಿ ಇದೆ. ಮೇಲಿಂದ ಒಂದು ಕೈ ಬಣ್ಣ ಸಾಕು."

"ಬಡಿದು ನೋಡ್ಲಾ?"

"ಗಟ್ಟಿ ಇದೆ ಅಂದ್ನಲ್ಲ."

ಆ ವಾರದ ಗುರುವಾರ ಅತ್ತೆ ಅವನನ್ನು ಎದೆಯ ಪರೀಕ್ಷೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಶಾಲೆಗೆ ಹತ್ತು ದಿನದ ರಜೆ ಶುರುವಾಗಿತ್ತು. ಕಾರು ಅಂಗಳದಲ್ಲೇ ಇತ್ತು. ಸೊಸೆ ಹಳೆಯ ಗೋಣಿ ಹಾಸಿಕೊಂಡು ಎಡಬದಿಯ ಕೆಳಗೆ ತೂರಿ ಮಲಗಿ, ಬಾಗಿಲಿನ ತೂತುಗಳಿಗೆ ತಂತಿ ಹಾಕುತ್ತಿದ್ದಳು. ಮೈ ಹೊರಳಿಸುವಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತೊಲೆಗೆ ತಗುಲಿತು. ಸದ್ದೇ ಬರಲಿಲ್ಲ.

ಇನ್ನೊಮ್ಮೆ ಬಡಿದಳು. ಗೋಡೆಗೆ ಬಡಿದ ಹಾಗಿತ್ತು. ತುದಿಯಿಂದ ಒತ್ತಿದಳು. ಏನೋ ಬಿರಿದು, ಹಿಡಿಯವರೆಗೂ ಒಳಗೆ ಇಳಿಯಿತು.

ಎಳೆದಾಗ ಪುಟ್ಟಿಯ ಗಟ್ಟಿ ಹೆಂಟೆಯೊಂದು ಮುಖದ ಪಕ್ಕದಲ್ಲೇ ಬಿತ್ತು. ಪುಟ್ಟಿಯೆಂದರೆ ಬಣ್ಣಕ್ಕೆ ಮುಂಚೆ ತಗ್ಗು ತುಂಬುವ ಹಿಟ್ಟು. ಉಗುರಿಗಿಂತ ದಪ್ಪ ಹಾಕಬಾರದೆಂದು ಮಾವ ಅವಳಿಗೆ ಹತ್ತು ಸಲ ಹೇಳಿದ್ದ. ಇದು ಎರಡು ಬೆರಳು ದಪ್ಪ ಇತ್ತು. ಅದರ ಹಿಂದೆ ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆ. ಬಲೆಯ ಹಿಂದೆ ಉಂಡೆಗಟ್ಟಿ ತುರುಕಿದ ದಿನಪತ್ರಿಕೆ. ಕಬ್ಬಿಣ ಎಲ್ಲೂ ಇರಲಿಲ್ಲ. ಕೈ ಹಾಕಿ ಒಂದು ಉಂಡೆ ತೆಗೆದು ಬಿಡಿಸಿದಳು. ಮೂಲೆಯಲ್ಲಿದ್ದ ತಾರೀಕು ಅವಳ ಮದುವೆಯ ತಿಂಗಳದ್ದು.

ಎದ್ದು ಕಾರಿನ ಒಳಗೆ ಹೋಗಿ ನೆಲದ ಚಾಪೆ ಎತ್ತಿದಳು. ಗುಬ್ಬಿ ಕೂರುವ ಸೀಟಿನ ಬೋಲ್ಟಿನ ಸುತ್ತ ತಗಡು ಬಿಸ್ಕತ್ತಿನಂತೆ ಬಿರಿದಿತ್ತು. ಸೀಟು ಹಿಡಿದು ಅಲ್ಲಾಡಿಸಿದಳು. ನೆಲವೂ ಜತೆಗೆ ಅಲ್ಲಾಡಿತು.

ಮಾವ ಮರಳಿ ಬಂದಾಗ ಹೆಂಟೆ, ಬಲೆ, ಕಾಗದ ಎಲ್ಲ ಅವನ ಕುರ್ಚಿಯ ಮುಂದೆ ಗೋಣಿಯ ಮೇಲಿದ್ದವು. ಅತ್ತೆ ಒಳಗೆ ಹೋಗುವವರೆಗೆ ಅವನು ಕಾದ.

"ಮುಟ್ಬೇಡ ಅಂದಿದ್ದೆ."

"ಇದು ನೀವೇ ಮಾಡಿದ್ದಾ ಮಾವ?"

"ಮತ್ತಿನ್ಯಾರು? ಗುಜರಿಯಿಂದ ತಂದಾಗ ಎಡಗಡೆ ಪೂರ್ತಿ ತಿಂದು ಹೋಗಿತ್ತು. ಕೊಯ್ದು ವೆಲ್ಡಿಂಗ್ ಮಾಡಿಸೋಕೆ ಕೈಯಲ್ಲಿ ಏನೂ ಇರ್ಲಿಲ್ಲ. ಹುಡುಗನಿಗೆ ದುಡಿಮೆ ಇಲ್ಲ ಅಂತ ನಿಮ್ಮಪ್ಪ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡ್ತಿದ್ದ. ಒಂದು ವರ್ಷ ಓಡ್ಲಿ, ಆಮೇಲೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ."

"ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷ ಓಡ್ತಲ್ಲ! ಏನಾಯ್ತು? ಯಾರಿಗೇನಾಯ್ತು?" ಕೆಮ್ಮು ಬಂತು. ಮಂಡಿ ಹಿಡಿದು ಬಗ್ಗಿ ಕೆಮ್ಮಿದ. "ಮುಚ್ಚು ಅದನ್ನ. ಅವನಿಗೆ ಹೇಳ್ಬೇಡ. ನನ್ನ ಕೆಲಸದ ಮೇಲೆ ಅವನು ಯಾವತ್ತೂ ಕೈ ಇಟ್ಟು ನೋಡಿಲ್ಲ. ಅಷ್ಟು ನಂಬಿಕೆ ಅವನಿಗೆ."

ಅವಳು ಹೇಳಿದಳು. ಲಾಂಡ್ರಿಯಿಂದ ಬಂದು, ಊಟಕ್ಕೆ ಬಡಿಸಿ, ಎಲ್ಲರ ಎದುರಿಗೇ ಹೇಳಿದಳು. ಡ್ರೈವರ್ ಟಾರ್ಚ್ ತೆಗೆದುಕೊಂಡು ಹೊರಗೆ ಹೋದ. ತಟ್ಟೆಯಲ್ಲಿ ಅನ್ನ ಆರಿತು. ಬಂದವನು ಕೈ ತೊಳೆದು ಅದೇ ಅನ್ನದ ಮುಂದೆ ಕೂತ. ಅಪ್ಪನ ಮುಖ ನೋಡಲಿಲ್ಲ.

ಮಾರನೆಯ ದಿನ ವೆಲ್ಡಿಂಗ್‌ನವನನ್ನು ಕರೆತಂದ. ಅವನು ಕಾರಿನ ಕೆಳಗೆ ಹೋಗಿ ಎರಡು ನಿಮಿಷಕ್ಕೆ ಹೊರಬಂದ.

"ತೊಲೆ ಒಂದೇ ಅಲ್ಲ ಅಣ್ಣ, ನೆಲವೂ ಹೋಗಿದೆ. ಹೊಸ ತಗಡು ಹಿಡಿಸೋಣ ಅಂದ್ರೆ ಹಿಡ್ಕೊಳ್ಳೋಕೆ ಹಳೇದು ಗಟ್ಟಿ ಇರ್ಬೇಕಲ್ಲ? ಇದನ್ನ ಸರಿ ಮಾಡೋ ದುಡ್ಡಲ್ಲಿ ಇನ್ನೊಂದು ಗಾಡಿ ಬರುತ್ತೆ." ಹೊರಡುವಾಗ ಬಲಗಡೆಯ ಬಾಗಿಲು ಸವರಿ ಕೇಳಿದ, "ಈ ಕೆಲಸ ಯಾರ್ದು? ಬಹಳ ಚೆನ್ನಾಗಿದೆ."

ಡ್ರೈವರ್ ಅವನನ್ನು ಗೇಟಿನವರೆಗೆ ಬಿಟ್ಟುಬಂದ.

ಎರಡು ದಿನ ಮನೆಯಲ್ಲಿ ಜಗಳವೇ ಊಟ, ಜಗಳವೇ ತಿಂಡಿ. ಡ್ರೈವರ್ ಕೊನೆಗೆ ಹೇಳಿದ: "ತುಂಬಿ, ಬಣ್ಣ ಹೊಡೆದು, ತಪಾಸಣೆ ಮುಗಿಸೋಣ. ಇನ್ನೊಂದು ವರ್ಷ. ಅಷ್ಟರಲ್ಲಿ ಏನಾದ್ರೂ ಮಾಡ್ತೀನಿ."

"ನಿಮ್ಮಪ್ಪನೂ ಹೀಗೇ ಅಂದಿದ್ರಂತೆ."

"ಮತ್ತೇನು ಮಾಡ್ಲಿ? ಹೇಳು. ಮೂಟೆ ಇಳಿಸಿದ್ದರಲ್ಲಿ ಮನೆ ನಡೆಯುತ್ತಾ? ಅಪ್ಪನ ಔಷಧಿ ಬರುತ್ತಾ?"

"ಗುಬ್ಬಿ ಕೂರೋ ಸೀಟು ಅದು ರೀ."

"ಗುಬ್ಬಿನ ಮುಂದೆ ಕೂರಿಸ್ಕೊಳ್ತೀನಿ."

ಅವಳು ಅವನನ್ನೇ ನೋಡಿದಳು. "ಅವಳ ಜಾಗದಲ್ಲಿ ಯಾರನ್ನ ಕೂರಿಸ್ತೀರಿ?"

ಅವನು ಎದ್ದು ಹೋದ. ಅತ್ತೆ ಸೌಟು ಕೆಳಗಿಟ್ಟು ಹೇಳಿದಳು: "ಈ ಮನೆ ಒಲೆ ಉರೀತಿರೋದು ಆ ಗಾಡಿಯಿಂದ. ನಿಂಗೆ ಗೊತ್ತಿಲ್ದೆ ಇದ್ದಿದ್ರೆ ಎಲ್ಲ ಸುಖವಾಗಿ ಇರ್ತಿದ್ವಿ. ಗೊತ್ತಿಲ್ಲ ಅಂದ್ಕೋ."

"ಗೊತ್ತಾಯ್ತಲ್ಲ ಅತ್ತೆ."

"ಗೊತ್ತಾಗಿದ್ದನ್ನೆಲ್ಲ ನಾವು ಬಾಯಿಬಿಟ್ಟಿದ್ರೆ ಈ ಮನೇಲಿ ಯಾರೂ ಬಾಳ್ತಿರ್ಲಿಲ್ಲ," ಎಂದು ಅತ್ತೆ ಒಲೆ ಕಡೆ ತಿರುಗಿದಳು.

ಸೊಸೆ ಮತ್ತೆ ಪೇಪರ್ ಹಿಡಿಯಲಿಲ್ಲ. ಆದ್ದರಿಂದ ಮಾವನೇ ಕುರ್ಚಿಯಿಂದ ಎದ್ದ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಗನ ಜತೆ ತೊಲೆಗೆ ಬಲೆ ಹೊಲಿದ, ಪುಟ್ಟಿ ತುಂಬಿದ, ಉಜ್ಜಿದ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಬಾಡಿಗೆಗೆ ಬಂತು. ಕಿಟಕಿ, ಚಕ್ರಗಳಿಗೆಲ್ಲ ಕಾಗದ ಅಂಟಿಸಿ ಎರಡು ದಿನ ಬಣ್ಣ ಹೊಡೆದ. ತೆಳ್ಳಗೆ ಮೂರು ಸಲ ನೀಲಿ, ಅದರ ಮೇಲೆ ಹೊಳಪು. ಗನ್ ಹಿಡಿದಾಗ ಕೈ ನಡುಗುತ್ತಿರಲಿಲ್ಲ. ಕೆಳಗಿಟ್ಟಾಗ ಇಡೀ ಮೈ ನಡುಗುತ್ತಿತ್ತು. ಪ್ರತಿ ಸಲ ಮುಗಿದ ಮೇಲೆ ಗೋಡೆಗೆ ಕೈಯಿಟ್ಟು ನಿಂತು ಕೆಮ್ಮುತ್ತಿದ್ದ. ಅತ್ತೆ ಬಿಸಿನೀರು ಹಿಡಿದು ಬಾಗಿಲಲ್ಲಿ ಅಳುತ್ತ ನಿಲ್ಲುತ್ತಿದ್ದಳು. ಎರಡನೆಯ ದಿನ ಉಗುಳಿದ್ದರಲ್ಲಿ ನೀಲಿಯೂ ಇತ್ತು, ಕೆಂಪೂ ಇತ್ತು.

ಅವನ ಜೀವಮಾನದಲ್ಲೇ ಅಷ್ಟು ಚೆನ್ನಾದ ಕೆಲಸ ಇರಲಾರದು. ಕಾಗದ ಬಿಚ್ಚಿದಾಗ ಅಂಗಳದ ತಂತಿ, ತಂತಿಯ ಮೇಲಿನ ಬಟ್ಟೆ, ಆಕಾಶ ಎಲ್ಲ ಬಾಗಿಲಲ್ಲಿ ಕಂಡವು. ಗುಬ್ಬಿ ಅದರ ಮುಂದೆ ನಿಂತು ಹಲ್ಲು ಕಿರಿದು ನೋಡಿಕೊಂಡಳು.

"ಅಜ್ಜ, ಹೊಸ ಕಾರು!"

"ಹೊಸದೇ," ಎಂದ ಅಜ್ಜ ಒಳಗೆ ಹೋಗಿ ಮಲಗಿದ.

ತಪಾಸಣೆಯಲ್ಲಿ ಅಧಿಕಾರಿ ದೀಪ ಹಾಕಿಸಿದ, ಹಾರ್ನ್ ಒತ್ತಿಸಿದ, ಬ್ರೇಕ್ ತುಳಿಸಿದ. ಕಾರಿನ ಸುತ್ತ ಒಂದು ಸುತ್ತು ಬಂದು, "ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದು ಸಹಿ ಹಾಕಿದ. ಬಗ್ಗಿ ನೋಡಲಿಲ್ಲ. ಅಂದು ಡ್ರೈವರ್ ಮನೆಗೆ ಕೋಳಿ ತಂದ. ಅತ್ತೆ ತುಂಬ ದಿನದ ಮೇಲೆ ಹಾಡು ಗುನುಗಿಕೊಂಡು ಅಡುಗೆ ಮಾಡಿದಳು. ಸೊಸೆಗೆ ಬಡಿಸುವಾಗ ದೊಡ್ಡ ತುಂಡನ್ನೇ ಹಾಕಿದಳು. "ತಿನ್ನು. ಎಲ್ಲ ಮುಗೀತಲ್ಲ."

ಸೋಮವಾರ ಶಾಲೆ ತೆರೆಯಿತು. ಏಳು ಗಂಟೆಗೆ ಅಂಗಳದಲ್ಲಿ ಗುಬ್ಬಿಯ ಜತೆ ಪಕ್ಕದ ಮನೆಗಳ ಮೂವರು ಮಕ್ಕಳು ಚೀಲ ಹೊತ್ತು ನಿಂತಿದ್ದರು. ಇಬ್ಬರು ತಾಯಂದಿರು ಗೇಟಿನ ಬಳಿ ಹೊಸ ಬಣ್ಣ ನೋಡಿ ಮಾತಾಡುತ್ತಿದ್ದರು. ಡ್ರೈವರ್ ಒಳಗೆ ಚಹಾ ಕುಡಿಯುತ್ತಿದ್ದ.

ಸೊಸೆ ಅಡುಗೆಮನೆಯಿಂದ ಹೊರಗೆ ಬಂದಳು. ಕಾರಿನ ಹಿಂಬಾಗಿಲು ತೆಗೆದು ಜಾಕ್ ಇಳಿಸಿಕೊಂಡಳು. ಎಡಗಡೆಯ ತೊಲೆಯ ಕೆಳಗೆ ಇಟ್ಟು ಹಿಡಿ ತಿರುಗಿಸತೊಡಗಿದಳು.

"ಪಂಚರ್ ಆಯ್ತಾ?" ಎಂದು ಕೇಳಿದಳು ಒಬ್ಬ ತಾಯಿ.

"ಇಲ್ಲ. ನೋಡಿ."

ಜಾಕ್ ಏರಿತು. ಕಾರು ಏಳಲಿಲ್ಲ. ಮೊದಲು ಹೊಳಪಿನ ಮೇಲೆ ಕೂದಲಿನಂಥ ಗೆರೆ ಬಿತ್ತು. ಆಮೇಲೆ ಪಟಪಟ ಸದ್ದಾಗಿ ನೀಲಿ ಹೆಂಟೆಗಳು ನೆಲಕ್ಕೆ ಬಿದ್ದವು. ಜಾಕ್ ತೊಲೆಯೊಳಗೆ ಹೊಕ್ಕು, ತಂತಿಬಲೆ ಹರಿದು, ನೆಲದ ತಗಡನ್ನು ಕೆಳಗಿನಿಂದ ಮೇಲಕ್ಕೆ ಒಡೆದುಕೊಂಡು ಒಳಗೆ ಸೀಟಿನ ಪಕ್ಕದಲ್ಲಿ ತಲೆ ಎತ್ತಿತು. ಕಾರಿನ ನಾಲ್ಕೂ ಚಕ್ರ ನೆಲದ ಮೇಲೇ ಇದ್ದವು.

ಡ್ರೈವರ್ ಓಡಿಬಂದ. ಕೈ ಎತ್ತಿದವನು ಹಾಗೇ ನಿಂತ. ಮಕ್ಕಳು ನೋಡುತ್ತಿದ್ದರು.

"ಏನು ಮಾಡ್ದೆ ನೀನು? ಏನು ಮಾಡ್ಬಿಟ್ಟೆ?"

"ಅವರಿಗೂ ಗೊತ್ತಾಗ್ಲಿ ಅಂತ," ಎಂದಳು. ಹಿಡಿ ಇನ್ನೂ ಅವಳ ಕೈಯಲ್ಲೇ ಇತ್ತು.

ತಾಯಂದಿರು ಮಕ್ಕಳ ಕೈ ಹಿಡಿದರು. ಒಬ್ಬಳು ಬಾಗಿ ಕಾರಿನೊಳಗೆ ನೋಡಿದಳು. "ಮೂರು ವರ್ಷ ನನ್ನ ಮಗ ಇದರಲ್ಲಿ ಹೋಗಿಬಂದ," ಎಂದಷ್ಟೇ ಹೇಳಿ ಹೊರಟಳು. ಮಧ್ಯಾಹ್ನದೊಳಗೆ ಉಳಿದ ಮಕ್ಕಳ ಎಂಟೂ ಮನೆಗೆ ಸುದ್ದಿ ಮುಟ್ಟಿತ್ತು. ಸಂಜೆ ಒಬ್ಬ ಅಪ್ಪ ಬಂದು ಗೇಟಿನ ಹೊರಗಿನಿಂದಲೇ ಬಾಯಿಗೆ ಬಂದಂತೆ ಬೈದು ಹೋದ. ಡ್ರೈವರ್ ತಲೆ ತಗ್ಗಿಸಿ ಕೇಳಿಸಿಕೊಂಡ.

ವಾರದೊಳಗೆ ಗುಜರಿಯವರು ಕಾರನ್ನು ಎಳೆದುಕೊಂಡು ಹೋದರು. ಅಂಗಳ ದೊಡ್ಡದಾಯಿತು. ಮನೆ ಚಿಕ್ಕದಾಯಿತು. ಹೆಂಡತಿ ಬಡಿಸಿದ್ದನ್ನು ಡ್ರೈವರ್ ಮುಟ್ಟುತ್ತಿರಲಿಲ್ಲ. ಅತ್ತೆ ಮಗನಿಗೆಂದು ಬೇರೆ ಪಾತ್ರೆಯಲ್ಲಿ ಅನ್ನ ಮಾಡತೊಡಗಿದಳು. ಒಂದೇ ಅಡುಗೆಮನೆ, ಎರಡು ಪಾತ್ರೆ. ಗುಬ್ಬಿ ಯಾವುದರಿಂದ ತಿನ್ನಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಮಾವ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಹಿಂದಿನಿಂದ ಮೂರು ದಿಂಬು ಕೊಟ್ಟರೆ ಮಾತ್ರ ಉಸಿರು ಬರುತ್ತಿತ್ತು. ಹಗಲು ಅವನಿಗೆ ಗಂಜಿ ಕುಡಿಸುವುದು ಸೊಸೆಯ ಪಾಲಿಗೇ ಬಂತು. ಅತ್ತೆ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದಳು. ಮೊದಲ ದಿನಗಳಲ್ಲಿ ಅವನು ಚಮಚ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ತಾನಾಗಿಯೇ ಮಾತಾಡಿದ.

"ಬಲಗಡೆ ಬಾಗಿಲು ಗುಜರಿಯವನು ಬೇರೆ ತೆಗೆದನಾ?"

"ಗೊತ್ತಿಲ್ಲ ಮಾವ."

"ತೆಗೀಬೇಕಿತ್ತು. ಅದು ಇಪ್ಪತ್ತು ವರ್ಷ ಬಾಳೋದು. ನಿನ್ನ ಕೆಲಸ."

ಅವಳು ಬಟ್ಟಲು ಕೆಳಗಿಟ್ಟಳು. "ಮಾವ, ಹೀಗೆ ತುಂಬಿದ ಗಾಡಿ ಇದೊಂದೇನಾ?"

ಅವನು ದಿಂಬಿಗೆ ತಲೆ ಒರಗಿಸಿ ಉಸಿರು ಎಳೆದುಕೊಂಡ.

"ಬಂದವರೆಲ್ಲ ಅದನ್ನೇ ಕೇಳ್ತಿದ್ರು ಮಗಳೇ. ಮಾರೋಕಿದೆ, ಮೇಲೆ ಚೆನ್ನಾಗಿ ಕಂಡ್ರೆ ಸಾಕು ಅಂತ. ಕೊಯ್ದು ಹೊಸ ಕಬ್ಬಿಣ ಹಾಕು ಅಂದವನು ವರ್ಷಕ್ಕೆ ಒಬ್ಬ. ಉಳಿದೋರಿಗೆಲ್ಲ..." ಕೈಯಲ್ಲಿ ಪುಟ್ಟಿ ಸವರುವಂತೆ ಮಾಡಿದ. "ಯಾವ್ಯಾವ ಗಾಡಿ ಯಾರ್ಯಾರ ಕೈಗೆ ಹೋಯ್ತೋ."

ಅವಳು ಅವನ ಬಾಯಿ ಒರೆಸಿದಳು.

ಕಾರು ಒಡೆದ ಮೂರನೆಯ ವಾರ ಡ್ರೈವರ್‌ಗೆ ಕೆಲಸ ಸಿಕ್ಕಿತು. ಆ ಒಂಬತ್ತು ಮಕ್ಕಳನ್ನೂ ಇನ್ನೂ ಆರು ಮಕ್ಕಳನ್ನೂ ಸೇರಿಸಿ ಒಬ್ಬ ವ್ಯಾಪಾರಿ ಹಳೆಯ ವ್ಯಾನ್ ಒಂದನ್ನು ಓಡಿಸಲು ಶುರುಮಾಡಿದ್ದ. ಅವನಿಗೆ ದಾರಿ, ಮನೆಗಳು, ಮಕ್ಕಳ ಹೆಸರು ಗೊತ್ತಿರುವ ಚಾಲಕ ಬೇಕಿತ್ತು. ತಿಂಗಳ ಸಂಬಳ, ಮಗಳಿಗೆ ಪುಕ್ಕಟೆ ಸೀಟು. ಕಾರು ಹೋದಾಗಿನಿಂದ ಗುಬ್ಬಿ ಶಾಲೆಗೆ ಹೋಗಿರಲಿಲ್ಲ. ಬೈದು ಹೋದ ಅಪ್ಪನೂ ಒಪ್ಪಿದನಂತೆ. ತಪ್ಪು ಗಾಡಿಯದು, ಓಡಿಸುವವನು ನಿಧಾನಸ್ಥ ಎಂದನಂತೆ.

ಮೊದಲ ದಿನ ವ್ಯಾನ್ ಗೇಟಿನ ಮುಂದೆ ಬಂದು ನಿಂತಿತು. ಬಿಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಸೊಸೆ ಗುಬ್ಬಿಯ ಚೀಲ ಹಿಡಿದು ಹೊರಗೆ ಬಂದವಳು ಬಾಗಿ, ಬಾಗಿಲಿನ ಕೆಳಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದಳು. ಸ್ವಲ್ಪ ಮುಂದೆ ಹೋಗಿ ಮತ್ತೆ ಬಡಿದಳು. ಎಲ್ಲೂ ಠಣ್ ಎನ್ನಲಿಲ್ಲ. ಎದ್ದು ನಿಂತು ಗಂಡನನ್ನು ನೋಡಿದಳು. ಇಪ್ಪತ್ತು ದಿನದಲ್ಲಿ ಅವನ ಜತೆ ಆಡಿದ ಮೊದಲ ಮಾತು ಅದು.

"ಇದರ ಕೆಳಗೆ ನೋಡಿದ್ರಾ?"

"ನೋಡೋದು ನನ್ನ ಕೆಲಸ ಅಲ್ಲ. ಗಾಡಿ ನಂದಲ್ಲ."

"ರೀ, ಒಂದು ಸಲ ಬಗ್ಗಿ..."

"ಬಗ್ಗಿ ನೋಡಿದ್ರೆ ನಾಳೆ ಇನ್ನೊಬ್ಬ ಓಡಿಸ್ತಾನೆ. ಮಕ್ಕಳು ಅದರಲ್ಲೇ ಹೋಗ್ತಾವೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಗುಬ್ಬಿ, ಹತ್ತು. ಹೊತ್ತಾಯ್ತು."

ಒಳಗಿನಿಂದ ಗೆಳತಿಯರು ಕೂಗುತ್ತಿದ್ದರು. ಗುಬ್ಬಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು. ಸೊಸೆ ಅವಳ ರಟ್ಟೆ ಹಿಡಿದು ಕೆಳಗಿಳಿಸಿದಳು.

"ಅವಳು ಬರಲ್ಲ."

"ನಾಲ್ಕು ಮೈಲಿ ಇದೆ," ಎಂದ ಡ್ರೈವರ್.

"ನಡೀತೀವಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇವಳಿಗೆ ಹುಚ್ಚು ಹಿಡಿದಿದೆ," ಎಂದಳು. ಸ್ವಲ್ಪ ತಡೆದು ಒಳಗೆ ಹೋಗಿ, ಮೊಮ್ಮಗಳ ನೀರಿನ ಬಾಟಲಿ ತಂದು ಅವಳ ಕೈಗೆ ಕೊಟ್ಟಳು. ಸೊಸೆಯ ಕಡೆ ನೋಡಲಿಲ್ಲ.

ವ್ಯಾನ್ ಉಳಿದ ಮಕ್ಕಳನ್ನು ಹತ್ತಿಸಿಕೊಳ್ಳಲು ಹಿಂದಿನ ಬೀದಿಗಳಿಗೆ ಹೋಯಿತು. ಅವರಿಬ್ಬರೂ ಮುಖ್ಯರಸ್ತೆಗೆ ಬಂದು ಅಂಚಿನಲ್ಲಿ ನಡೆದರು. ಗುಬ್ಬಿ ಮೊದಲು ಅತ್ತಳು, ಆಮೇಲೆ ಕಾಲು ನೋಯುತ್ತದೆಂದಳು, ಆಮೇಲೆ ಸುಮ್ಮನಾದಳು. ಶಾಲೆ ಮುಟ್ಟಲು ಒಂದೂವರೆ ಗಂಟೆ ಬೇಕು, ವಾಪಸ್ ಬರಲು ಅಷ್ಟೇ. ಅಷ್ಟರಲ್ಲಿ ಮಾವನಿಗೆ ಗಂಜಿ ಕುಡಿಸುವವರು ಯಾರೂ ಇರುವುದಿಲ್ಲ. ಮಧ್ಯಾಹ್ನ ಅವಳನ್ನು ಕರೆತರಲು ಹೋದರೆ ಲಾಂಡ್ರಿ ಇಲ್ಲ.

ಎರಡು ಮೈಲಿಗಲ್ಲು ದಾಟಿದ ಮೇಲೆ ಹಿಂದಿನಿಂದ ಹಾರ್ನ್ ಕೇಳಿತು. ವ್ಯಾನ್ ಅವರ ಪಕ್ಕಕ್ಕೆ ಬಂದಾಗ ಸ್ವಲ್ಪ ನಿಧಾನವಾಯಿತು. ಕಿಟಕಿಗಳ ತುಂಬ ಮಕ್ಕಳ ಮುಖ. "ಗುಬ್ಬೀ! ಗುಬ್ಬೀ!" ಎಂದು ಎಲ್ಲರೂ ಕೈಬೀಸಿದರು. ಡ್ರೈವರ್ ಒಮ್ಮೆ ಮಗಳತ್ತ ನೋಡಿದ. ಆಮೇಲೆ ರಸ್ತೆ ನೋಡಿ ಗೇರ್ ಬದಲಿಸಿದ.

ಗುಬ್ಬಿ ತಾಯಿಯ ಕೈ ಬಿಡಿಸಿಕೊಂಡು ಎರಡೂ ಕೈ ಎತ್ತಿ ಬೀಸಿದಳು. ವ್ಯಾನ್ ತಿರುವಿನಲ್ಲಿ ಮರೆಯಾಗುವವರೆಗೆ ಸೊಸೆ ಆ ಮಕ್ಕಳನ್ನು ಒಂದೊಂದಾಗಿ ಎಣಿಸುತ್ತ ನಿಂತಿದ್ದಳು. ಹದಿನಾಲ್ಕು ಇದ್ದವು.